ಎಪ್ಪತ್ತರ ಕೊರಳಿಗೆ ಕೂತ ಹಾಡುಗಳು

ಮೋಹನ ರಾಗದ ಐದು ಸ್ವರ ಬಲ್ಲವರು ಜಪಾನಿನ ‘ಅಕಾತೊಂಬೊ’ವನ್ನು ಒಂದೆರಡು ಸಲ ಕೇಳಿದರೆ ಸಾಕು, ತಾವೇ ಗುನುಗಬಲ್ಲರು. ಮಂದ್ರ ಪಂಚಮದಿಂದ ಹೊರಟು ಷಡ್ಜಕ್ಕೆ ಬಂದು, ರಿಷಭ ಗಾಂಧಾರಗಳನ್ನು ಮುಟ್ಟಿ, ಪಂಚಮದಿಂದ ತಾರ ಷಡ್ಜಕ್ಕೆ ನೆಗೆದು, ಧೈವತದ ಮೇಲೆ ಹಾದು ಮತ್ತೆ ಪಂಚಮಕ್ಕೆ ಇಳಿದರೆ ಮೊದಲ ತುಣುಕು ಮುಗಿಯಿತು. ಹಾಡಿನ ಇಡೀ ಹರವು ಅಷ್ಟರಲ್ಲೇ ಬಂದುಹೋಗಿರುತ್ತದೆ. ಆಮೇಲೆ ಹೊಸ ಎತ್ತರವೂ ಇಲ್ಲ, ಹೊಸ ಆಳವೂ ಇಲ್ಲ. ಮಧ್ಯಮ ನಿಷಾದಗಳಿಲ್ಲ, ಗಮಕವಂತೂ ಇಲ್ಲವೇ ಇಲ್ಲ. ತಾಳವೆಂದರೆ ನಿಧಾನವಾಗಿ ಮೂರು ಎಣಿಕೆ. ನಮ್ಮ ಕಿವಿಗೆ ಮೊದಲ ಸಲ ಇದು ಬೋಳುಬೋಳು ಅನ್ನಿಸಿದರೆ ಆಶ್ಚರ್ಯವಿಲ್ಲ. ನಾಲ್ಕು ನುಡಿ ಮುಗಿಯುವ ಹೊತ್ತಿಗೆ ಮಾತ್ರ ಈ ಬೋಳುತನವನ್ನು ಯಾರೋ ಬಹಳ ಯೋಚಿಸಿ ಮಾಡಿದ್ದಾರೆ ಎಂದು ತಿಳಿಯುತ್ತದೆ.

ಯೋಚಿಸಿದವರು ಯಮಾದ ಕೋಸಾಕು. ಮಾತಿನಲ್ಲಿ ದನಿ ಎಲ್ಲಿ ಏರುತ್ತದೋ ಎಲ್ಲಿ ಇಳಿಯುತ್ತದೋ ಅದನ್ನು ಮಟ್ಟು ಮುರಿಯಬಾರದು ಎಂಬುದು ಈ ಸಂಗೀತಗಾರನ ಪಟ್ಟು. 1927ರಲ್ಲಿ ಅವರು ಸ್ವರ ಹಾಕಿದ ಈ ಪದ್ಯವನ್ನು ಮಿಕಿ ರೊಫು 1921ರಲ್ಲೇ ಬರೆದಿದ್ದರು. ಆಗ ರೊಫು ಇದ್ದದ್ದು ಉತ್ತರದ ಹೊಕ್ಕೈದೊ ದ್ವೀಪದ ಒಂದು ಕ್ರೈಸ್ತ ಮಠದಲ್ಲಿ. ಹುಟ್ಟಿದ್ದು ದೂರದ ಹ್ಯೋಗೊ ಪ್ರಾಂತ್ಯದ ತತ್ಸುನೊ ಊರಿನಲ್ಲಿ. ಚಿಕ್ಕವರಿದ್ದಾಗಲೇ ತಂದೆ ತಾಯಿ ಬೇರೆಯಾದರು, ತಾಯಿ ತವರಿಗೆ ಹೋದರು. ಪದ್ಯದಲ್ಲಿ ಮಗುವೊಂದು ಯಾರದೋ ಬೆನ್ನ ಮೇಲಿಂದ ಸಂಜೆಗೆಂಪಿನಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆಯನ್ನು ಕಂಡಿದೆ. ಬುಟ್ಟಿಯಲ್ಲಿ ಹಿಪ್ಪುನೇರಳೆ ಹಣ್ಣು ಕೂಡಿಟ್ಟ ನೆನಪಿದೆ. ಮಗುವನ್ನು ಆಡಿಸುತ್ತಿದ್ದ ಹುಡುಗಿ ಹದಿನೈದಕ್ಕೇ ಮದುವೆಯಾಗಿ ಹೋಗಿದ್ದಾಳೆ, ಊರಿನ ಸುದ್ದಿ ಬರುವುದೂ ನಿಂತಿದೆ. ತಾಯಿಯ ಹೆಸರೇ ಇಲ್ಲ. ಕಡೆಯ ನುಡಿಯಲ್ಲಿ ಮಾತ್ರ ಚಿಟ್ಟೆ ಈಗಿನದು: ಕಣ್ಣೆದುರು ಕೋಲಿನ ತುದಿಯಲ್ಲಿ ಕೂತಿದೆ.

ಇದು ಮಕ್ಕಳ ಹಾಡಂತೆ! 1918ರಲ್ಲಿ ಸುಜುಕಿ ಮಿಯೆಕಿಚಿ ‘ಅಕಾಯ್ ತೊರಿ’ ಎಂಬ ಪತ್ರಿಕೆ ಹೊರಡಿಸಿದ ಮೇಲೆ ಜಪಾನಿನ ಒಳ್ಳೊಳ್ಳೆಯ ಕವಿಗಳು ಮಕ್ಕಳಿಗಾಗಿ ಹಾಡು ಬರೆಯತೊಡಗಿದರು. ಸರ್ಕಾರದ ಪಠ್ಯದಲ್ಲಿದ್ದ ಹಾಡುಗಳು ಒಣ, ಬುದ್ಧಿವಾದದ ಹಾಡುಗಳು ಎಂಬ ಬೇಸರ ಅವರದು. ಆ ಬೇಸರ ಪೂರ್ತಿ ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ಜಪಾನಿನ ಹಿರಿಯರು ಇವತ್ತು ಕಣ್ಣು ತುಂಬಿಕೊಂಡು ಹಾಡುವ ‘ಫುರುಸಾತೊ’ 1914ರಲ್ಲಿ ಬಂದದ್ದು ಸರ್ಕಾರದ ಆರನೇ ತರಗತಿಯ ಹಾಡಿನ ಪುಸ್ತಕದಲ್ಲೇ.

ಆ ಪುಸ್ತಕದಲ್ಲಿ ಬರೆದವರ ಹೆಸರಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸಾಹಿತ್ಯ ತಕಾನೊ ತತ್ಸುಯುಕಿಯವರದು, ಸಂಗೀತ ಒಕಾನೊ ತೇಯಿಚಿಯವರದು ಎಂದು ಗೊತ್ತಾಯಿತು. ತಕಾನೊ ನಾಗಾನೊದ ಗುಡ್ಡಗಾಡಿನವರು. ಒಕಾನೊ ತೊತ್ತೊರಿಯಿಂದ ಬಂದು ಟೋಕಿಯೊದ ಚರ್ಚೊಂದರಲ್ಲಿ ದಶಕಗಟ್ಟಲೆ ಆರ್ಗನ್ ನುಡಿಸಿದವರು. ಹಾಡಿನ ಮೂರೆಣಿಕೆಯ ನಡೆಯಲ್ಲಿ ಚರ್ಚಿನ ಪ್ರಾರ್ಥನಾಗೀತೆಯ ಗಾಂಭೀರ್ಯ ಇರುವುದು ಅದಕ್ಕೇ ಇರಬೇಕು. ಇಲ್ಲಿ ಮಧ್ಯಮವೂ ಬರುತ್ತದೆ, ಆದ್ದರಿಂದ ಮೋಹನದ ನೆಂಟಸ್ತನ ಇಲ್ಲಿ ಸಲ್ಲದು. ಮೊಲ ಅಟ್ಟಿದ ಗುಡ್ಡ, ಮೀನು ಹಿಡಿದ ಹೊಳೆ, ಅಪ್ಪ ಅಮ್ಮ ಹೇಗಿದ್ದಾರೋ ಎಂಬ ಕಳವಳ, ಅಂದುಕೊಂಡದ್ದನ್ನು ಸಾಧಿಸಿದ ಮೇಲೆ ಒಂದು ದಿನ ಊರಿಗೆ ಮರಳುವ ಆಸೆ. ಇಷ್ಟೇ ಹಾಡು.

ಆರನೇ ತರಗತಿಯ ಹುಡುಗ ಇದನ್ನು ಹಾಡುವುದನ್ನು ಊಹಿಸಿಕೊಳ್ಳಿ. ಅವನು ಇನ್ನೂ ಊರು ಬಿಟ್ಟೇ ಇಲ್ಲ. ಮೊಲ ಅಟ್ಟಿದ್ದು ನೆನಪಾಗುವ ಮಾತೆಲ್ಲಿ, ನಿನ್ನೆಯಷ್ಟೇ ಅಟ್ಟಿ ಬಂದಿರುತ್ತಾನೆ. ಅಪ್ಪ ಅಮ್ಮ ಮನೆಯಲ್ಲೇ ಇದ್ದಾರೆ. ಊರು ಬಿಟ್ಟ ದೊಡ್ಡವರು ಟೋಕಿಯೊದಲ್ಲಿ ಕೂತು ತಮ್ಮ ಹಂಬಲವನ್ನು ಮಕ್ಕಳ ಬಾಯಲ್ಲಿಟ್ಟರು. ಮಕ್ಕಳು ಅರ್ಥದ ಗೊಡವೆಯಿಲ್ಲದೆ ಕಲಿತರು. ಅರವತ್ತು ವರ್ಷ ಕಳೆದ ಮೇಲೆ ಅರ್ಥ ತಾನಾಗಿ ಬಂದು ಸೇರಿಕೊಂಡಿತು. ಈ ಹಾಡುಗಳ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಇವು ಹುಟ್ಟಿದ್ದು ಮಕ್ಕಳ ಹೆಸರಿನಲ್ಲಿ, ಆದರೆ ಇವಕ್ಕೆ ತಕ್ಕ ಕೊರಳು ಎಪ್ಪತ್ತು ದಾಟಿದವರದು. ಹಳೆಯದೆಂಬ ಮೋಹದಿಂದ ಹಿರಿಯರು ಇವನ್ನು ಹಿಡಿದುಕೊಂಡಿಲ್ಲ. ಹಾಡಿನೊಳಗಿನ ವಯಸ್ಸಿಗೆ ಅವರು ಈಗ ಬಂದು ಮುಟ್ಟಿದ್ದಾರೆ.

ತಕಾನೊ ಒಕಾನೊ ಜೋಡಿಯದೇ ಇನ್ನೊಂದು ಹಾಡು ‘ಹಾರು ನೊ ಒಗಾವಾ’ 1912ರದು. ವಸಂತದ ಪುಟ್ಟ ತೊರೆ, ದಡದ ಹೂಗಳೊಡನೆ ಅದರ ಮಾತುಕತೆ. ತಕಾನೊ ಕಂಡ ತೊರೆ ಟೋಕಿಯೊದ ಯೊಯೊಗಿಯಲ್ಲಿ ಹರಿಯುತ್ತಿದ್ದ ಕೊಹೊನೆ ಎನ್ನುತ್ತಾರೆ. 1964ರ ಒಲಿಂಪಿಕ್ಸ್ ಕಾಲದ ಕಟ್ಟೋಣದಲ್ಲಿ ಅದು ನೆಲದಡಿಯ ಮೋರಿಯಾಯಿತು. ರಸ್ತೆ ಬದಿಯಲ್ಲಿ ಹಾಡಿನ ನೆನಪಿಗೊಂದು ಕಲ್ಲು ನೆಟ್ಟಿದ್ದಾರೆ. ಹಾಡು ಗೊತ್ತಿಲ್ಲದಿದ್ದರೆ ಅಲ್ಲೊಂದು ತೊರೆಯಿತ್ತೆಂದು ನಂಬುವುದೂ ಕಷ್ಟ.

ಜಪಾನಿನಲ್ಲಿ ಈಗ ನೂರರಲ್ಲಿ ಇಪ್ಪತ್ತೊಂಬತ್ತರ ಹತ್ತಿರ ಜನ ಅರವತ್ತೈದು ದಾಟಿದವರು. ಹಿರಿಯರು ಹಗಲು ಕಳೆಯುವ ಆರೈಕೆ ಕೇಂದ್ರಗಳು ಊರೂರಲ್ಲಿವೆ, ಅಲ್ಲಿ ಹಾಡು ದಿನಚರಿಯ ಭಾಗ. ದಪ್ಪಕ್ಷರದ ಹಾಡಿನ ಪುಸ್ತಕ, ಒಂದು ಪಿಯಾನೊ ಅಥವಾ ಕೀಬೋರ್ಡ್, ಅರ್ಧವೃತ್ತವಾಗಿ ಹಾಕಿದ ಕುರ್ಚಿಗಳು. ಅಚ್ಚಾದ ಶ್ರುತಿ ಹಿರಿಯರಿಗೆ ಎತ್ತರವಾಗುತ್ತದೆ, ಅದರಲ್ಲೂ ವಯಸ್ಸಾದಂತೆ ದನಿ ತಗ್ಗುವ ಹೆಂಗಸರಿಗೆ. ಬಲ್ಲ ಪಿಯಾನೊದವರು ಕೇಳದೆಯೇ ಇಳಿಸಿಕೊಳ್ಳುತ್ತಾರೆ. ಊಟಕ್ಕೆ ಮುಂಚೆ ‘ಪ, ತ, ಕ, ರ’ ಎಂಬ ನಾಲ್ಕೇ ಅಕ್ಷರಗಳನ್ನು ಪರಿಚಿತ ಮಟ್ಟಿಗೆ ಕೂಡಿಸಿ ಹಾಡಿಸುವುದೂ ಉಂಟು. ತುಟಿ, ನಾಲಿಗೆ, ಗಂಟಲು ಸಡಿಲಾದರೆ ನುಂಗುವುದು ಸಲೀಸು. ಮುಷ್ಟಿ ಬಿಗಿದು ಬಿಡಿಸುವ ‘ಮುಸುಂದೆ ಹಿರಾಯಿತೆ’ ಬೆರಳಿನ ವ್ಯಾಯಾಮ. ಅದರ ಮಟ್ಟು ಚಿಂತಕ ರೂಸೊನ ಒಪೆರಾದಿಂದ ಬಂದದ್ದೆಂಬುದು ಕುರ್ಚಿಯಲ್ಲಿ ಕೂತವರಿಗೆ ಬೇಕಾಗಿಯೂ ಇಲ್ಲ. ಮನೆಯಲ್ಲಿರುವವರಿಗೂ ಹಾಡು ತಪ್ಪಿದ್ದಲ್ಲ. ಎಷ್ಟೋ ಊರುಗಳಲ್ಲಿ ವಿಪತ್ತಿನ ಮುನ್ಸೂಚನೆಗೆಂದು ಹಾಕಿದ ಧ್ವನಿವರ್ಧಕಗಳು ಸಂಜೆ ಐದರ ಹೊತ್ತಿಗೆ ‘ಯೂಯಾಕೆ ಕೊಯಾಕೆ’ಯ ಮಟ್ಟನ್ನು ನುಡಿಸುತ್ತವೆ. ಯಂತ್ರ ಕೆಟ್ಟಿಲ್ಲವೆಂದು ದಿನಾ ಪರೀಕ್ಷಿಸುವುದಕ್ಕೆ ಇದಕ್ಕಿಂತ ಸೊಗಸಾದ ಉಪಾಯ ಬೇರೆ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ತಕರಾರು. ಹಿರಿಯರೆಂದರೆ ಶಾಲೆಯ ಹಾಡು ಎಂದು ತೀರ್ಮಾನಿಸಿಬಿಡುವುದು ಸೋಮಾರಿತನ. ಇವತ್ತಿನ ಎಂಬತ್ತೈದರ ಅಜ್ಜನಿಗೆ 1961ರಲ್ಲಿ ಇಪ್ಪತ್ತರ ಆಸುಪಾಸು. ಆ ವರ್ಷ ಸಕಾಮೊತೊ ಕ್ಯೂ ‘ಉಎ ಒ ಮುಯಿತೆ ಅರುಕೊ’ ಹಾಡಿದರು. ಎಯಿ ರೊಕುಸುಕೆ ಬರೆದು ನಕಾಮುರಾ ಹಾಚಿದಾಯ್ ಸ್ವರ ಹಾಕಿದ ಈ ಹಾಡು 1963ರಲ್ಲಿ ‘ಸುಕಿಯಾಕಿ’ ಎಂಬ ಸಂಬಂಧವಿಲ್ಲದ ಹೆಸರು ಹೊತ್ತು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಕಣ್ಣೀರು ಕೆಳಗೆ ಬೀಳದಿರಲೆಂದು ಮುಖ ಮೇಲೆತ್ತಿ ನಡೆಯುವವನ ಹಾಡು. ನಡಿಗೆ ಮಾತ್ರ ಲವಲವಿಕೆಯದು. ದುಃಖದ ಮಾತಿಗೆ ಹಗುರ ಹೆಜ್ಜೆ ಜೋಡಿಸಿದ್ದರಲ್ಲೇ ಅದರ ಸವಿ. ನಡುವೆ ಶಿಳ್ಳೆ ಬರುತ್ತದೆ. ಕಟ್ಟಿಸಿದ ಹಲ್ಲಿನಲ್ಲಿ ಶಿಳ್ಳೆ ಹೊಡೆಯುವುದು ಕಷ್ಟ, ಬರೀ ಗಾಳಿ ಬಂದರೆ ನಗು ಹೆಚ್ಚು. ಇನ್ನು ಎಪ್ಪತ್ತೈದರವರು ಹರೆಯದಲ್ಲಿ ಗಿಟಾರ್ ಹಿಡಿದು ಬೀಟಲ್ಸ್ ಗುನುಗಿದವರು. ಅವರಿಗೆ ಬೆಳಗಿನಿಂದ ಸಂಜೆಯವರೆಗೆ ತೊರೆ, ಕಾಗೆ, ಚಿಟ್ಟೆ ಹಾಡಿಸಿದರೆ ತಮ್ಮನ್ನು ಬಾಲವಾಡಿಗೆ ಸೇರಿಸಿದರೆಂದು ಮುನಿಯುವುದು ಸಹಜ.

ಗಾಯಕಿ ಮಿಸೊರಾ ಹಿಬಾರಿಯ ‘ಕಾವಾ ನೊ ನಾಗಾರೆ ನೊ ಯೋ ನಿ’ಯನ್ನು ಎಲ್ಲ ವಯಸ್ಸಿನವರೂ ಕೇಳಿ ಹಾಡುತ್ತಾರೆ. 1989ರ ಜನವರಿಯಲ್ಲಿ ಬಿಡುಗಡೆಯಾದ ಹಾಡು. ಅದೇ ಜೂನ್‌ನಲ್ಲಿ 52ನೇ ವಯಸ್ಸಿಗೆ ಹಿಬಾರಿ ತೀರಿಕೊಂಡರು. ಬದುಕನ್ನು ನದಿಯ ಹರಿವಿಗೆ ಹೋಲಿಸುವ ಮಾತು ಹೊಸದಲ್ಲ, ಹಾಡಿಗೆ ಬೆಲೆ ತಂದದ್ದು ಆ ದನಿ: ಕೆಳಗೆ ಕಂಚಿನಂತೆ ನಿಂತು, ಮೇಲೆ ಹೋದಾಗ ಸಟ್ಟನೆ ತೆಳುವಾಗುವ ದನಿ. ಅದನ್ನು ಅನುಕರಿಸಲು ಹೋದವರು ಮಧ್ಯದಲ್ಲೇ ಉಸಿರು ಕಟ್ಟುತ್ತಾರೆ.

ನನ್ನ ಲೆಕ್ಕದಲ್ಲಿ ಕೇಳುವುದಕ್ಕೆ ಹಿಬಾರಿ, ಹಾಡುವುದಕ್ಕೆ ಸಕಾಮೊತೊ. ಶಾಲೆಯ ಹಾಡುಗಳು ಎರಡಕ್ಕೂ ಒದಗುತ್ತವೆ. ಅವುಗಳ ರುಚಿ ನೋಡಬೇಕೆನಿಸಿದರೆ ತಿದ್ದಿತೀಡಿದ ಮಕ್ಕಳ ಗಾಯನವೃಂದದ ಧ್ವನಿಮುದ್ರಣವನ್ನು ಪಕ್ಕಕ್ಕಿಡಿ. ಹಿರಿಯರು ಕೂಡಿ ಹಾಡಿದ್ದನ್ನೇ ಹುಡುಕಿ ಕೇಳಿ.