ವಂಶಶುದ್ಧಿಯೋ, ವ್ಯವಹಾರಶುದ್ಧಿಯೋ?

ಶುದ್ಧಿ ಎಂಬುದು ಜೈನ ಆಚಾರಪರಂಪರೆಯಲ್ಲಿ ಗೌರವದ ಮಾತು. ಆಹಾರಶುದ್ಧಿ, ಭಾವಶುದ್ಧಿ, ವ್ಯವಹಾರಶುದ್ಧಿ ಎನ್ನುವಾಗ ಮನುಷ್ಯನು ತನ್ನನ್ನೇ ಶೋಧಿಸಿಕೊಳ್ಳಬೇಕೆಂಬ ಅರ್ಥ ಅದರಲ್ಲಿ ಅಡಗಿದೆ. ಇದೇ ಮಾತನ್ನು ಬೋವಾ ಹಾವುಗಳ ಸಾಕಣೆದಾರರು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ವಿಷರಹಿತ ಹಾವು; ಬೇಟೆಯನ್ನು ಬಿಗಿದು ಕೊಲ್ಲುತ್ತದೆ; ಹೆಬ್ಬಾವಿನಂತೆ ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ಅಮೆರಿಕ ಮತ್ತು ಯುರೋಪಿನಲ್ಲಿ ಇದನ್ನು ಸಾಕಿ, ಮರಿಮಾಡಿಸಿ ಮಾರುವ ಉದ್ಯಮವೇ ಬೆಳೆದಿದೆ.

ಈ ಸಾಕಣೆದಾರರಲ್ಲಿ ಒಂದು ವರ್ಗದ ವಾದ ಹೀಗಿದೆ: ಸುರಿನಾಮ್, ಗಯಾನಾ, ಕೊಲಂಬಿಯಾ ಮತ್ತು ಸಣ್ಣ ದ್ವೀಪಗಳ ಬೋವಾಗಳು ಬಣ್ಣದಲ್ಲಿಯೂ ಗಾತ್ರದಲ್ಲಿಯೂ ಭಿನ್ನವಾಗಿವೆ, ಅವುಗಳನ್ನು ಬೆರೆಸಬಾರದು, ಒಂದೇ ಕುಟುಂಬದೊಳಗಿನ ಕೂಡಿಕೆಯಿಂದ ವಂಶ ಕ್ಷೀಣಿಸಿದಾಗ ಅದೇ ಕಾಡಿನಿಂದ ಹೊಸ ಹಾವುಗಳನ್ನು ಹಿಡಿದು ತರಿಸಬೇಕು. ಬಂಧನದಲ್ಲಿ ಮರಿಮಾಡಿಸುವುದರಿಂದ ಕಾಡಿನ ಮೇಲಿನ ಹೊರೆ ಇಳಿಯುತ್ತದೆಂಬುದೂ ಇವರದೇ ಮಾತು.

ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಎರಡು ಪ್ರದೇಶಗಳ ಹಾವುಗಳನ್ನು ಬೆರೆಸಿ ಒಂದರ ಹೆಸರಿನಲ್ಲಿ ಮಾರುವವನಿಗಿಂತ ಪ್ರತಿಯೊಂದರ ಮೂಲವನ್ನು ಬರೆದಿಡುವವನು ಪ್ರಾಮಾಣಿಕ. ಆದರೆ ವಾದದ ಎರಡು ತುದಿಗಳು ಪರಸ್ಪರ ವಿರುದ್ಧವಾಗಿವೆ. ಸಾಕಣೆಯಿಂದ ಕಾಡಿಗೆ ಬಿಡುಗಡೆ ದೊರೆಯುವುದಾದರೆ ಹೊಸ ಹಾವಿನ ಅಗತ್ಯವಿರಬಾರದು. ಹೊಸ ಹಾವಿನ ಅಗತ್ಯ ಮುಗಿಯದಿದ್ದರೆ ಕಾಡಿಗೆ ಬಿಡುಗಡೆ ದೊರೆತಿಲ್ಲ.

ಹೊಂಡುರಾಸ್ ದೇಶದ ಉತ್ತರ ಕರಾವಳಿಯಾಚೆಗಿನ ಕಾಯೋಸ್ ಕೊಚಿನೋಸ್ ದ್ವೀಪಗಳು ಇದಕ್ಕೆ ನಿದರ್ಶನ. ಅಲ್ಲಿನ ಚಿಕ್ಕ ಗಾತ್ರದ, ತಿಳಿಬಣ್ಣದ ಬೋವಾ ಮಾರುಕಟ್ಟೆಯಲ್ಲಿ 'ಹಾಗ್ ಐಲ್ಯಾಂಡ್ ಬೋವಾ' ಎಂಬ ಹೆಸರು ಪಡೆಯಿತು. 1970ರ ದಶಕದ ಕೊನೆಯಿಂದ ಮುಂದೆ ಸಾಕುಪ್ರಾಣಿ ವ್ಯಾಪಾರಕ್ಕಾಗಿ ಅದನ್ನು ಎಷ್ಟು ಹಿಡಿದು ಸಾಗಿಸಲಾಯಿತೆಂದರೆ, ದ್ವೀಪಗಳಲ್ಲಿ ಹಾವು ಕಾಣಸಿಗುವುದೇ ವಿರಳವಾಯಿತು. ಇತ್ತ ಬಂಧನದಲ್ಲಿ ಅದೇ ಹಾವನ್ನು ಕೊಲಂಬಿಯಾದ ಬೋವಾದೊಡನೆ ಕೂಡಿಸಿ, ಮಿಶ್ರ ಮರಿಗಳನ್ನು ದ್ವೀಪದ ಹೆಸರಿನಲ್ಲಿಯೇ ಮಾರಿದವರೂ ಇದ್ದರು. ದ್ವೀಪವೂ ಬರಿದಾಯಿತು, ವಂಶವೂ ಬೆರೆಯಿತು. ಬೆರೆತ ಮೇಲೆ 'ಶುದ್ಧ'ವೆಂಬುದರ ಬೆಲೆ ಏರಿತು. ಆ ಶುದ್ಧಿಗೆ ಪ್ರಮಾಣವೆಂದರೆ ಹಿಡಿದ ಸ್ಥಳವೊಂದೇ. ಹೀಗೆ ಶುದ್ಧಿಯ ಆಸೆ ಪುನಃ ದ್ವೀಪದತ್ತಲೇ ಕೈಚಾಚಿಸುತ್ತದೆ. 1993ರಲ್ಲಿ ಆ ದ್ವೀಪಗಳು ರಕ್ಷಿತ ಪ್ರದೇಶವಾದವು. ಅಲ್ಲಿನ ಹಾವು ಉಳಿದುಕೊಂಡದ್ದು ಹಿಡಿಯುವ ಕೈಯನ್ನು ತಡೆದುದರಿಂದ, ದೂರದೇಶದ ಗಾಜಿನ ಪೆಟ್ಟಿಗೆಗಳಿಂದಲ್ಲ.

ಪೆಟ್ಟಿಗೆಯ ಹಾವನ್ನು ಕಾಡಿಗೆ ಮರಳಿಸುವುದು ಸುಲಭವೂ ಅಲ್ಲ. ಬೋವಾ ಸಂಗ್ರಹಗಳನ್ನು ಕಾಡುವ ಮಾರಕ ರೋಗವೊಂದರ ಹಿಂದೆ ಅರೀನಾವೈರಸ್ ಗುಂಪಿನ ಹೊಸ ವೈರಾಣುಗಳಿರುವುದನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಸೋಂಕು ತಗಲಿದ ಹಾವು ಬಹುಕಾಲ ಆರೋಗ್ಯವಾಗಿರುವಂತೆ ಕಾಣಬಲ್ಲದು. ಅಂಥದನ್ನು ಕಾಡಿಗೆ ಬಿಟ್ಟರೆ ಕಾಡಿನ ಹಾವುಗಳಿಗೂ ಅಪಾಯ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ನಾಲ್ಕು ಈ ವ್ಯಾಪಾರಕ್ಕೆ ನೇರವಾಗಿ ತಾಗುತ್ತವೆ. ಕದಿಯಲು ಪ್ರೇರೇಪಿಸುವುದು ಸ್ತೇನಪ್ರಯೋಗ: ಇಂಥ ದ್ವೀಪದ ಹಾವೇ ಬೇಕೆಂಬ ಬೇಡಿಕೆ ಅದೇ. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದು ಪ್ರತಿರೂಪಕ ವ್ಯವಹಾರ. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಪತ್ರಗಳಲ್ಲಿ ಕಾಡಿನಿಂದ ಹಿಡಿದ ಪ್ರಾಣಿಗೆ 'ಡಬ್ಲ್ಯು' ಎಂದೂ, ಬಂಧನದಲ್ಲಿಯೇ ಕೂಡಿಸಿ ಪಡೆದುದಕ್ಕೆ 'ಸಿ' ಎಂದೂ ಗುರುತು ಹಾಕಲಾಗುತ್ತದೆ. ಗಬ್ಬದ ಹಾವನ್ನು ಕಾಡಿನಲ್ಲಿ ಹಿಡಿದು, ಅದು ಪೆಟ್ಟಿಗೆಯಲ್ಲಿ ಹೆತ್ತ ಮರಿಗಳನ್ನು 'ಸಾಕಣೆಯ ಮರಿ'ಗಳೆಂದು ಮಾರಿದರೆ, ಅದು ಪ್ರತಿರೂಪಕ ವ್ಯವಹಾರವಲ್ಲದೆ ಬೇರೇನು? ಇಲ್ಲಿ ಅಶುದ್ಧವಾದುದು ಹಾವಿನ ರಕ್ತವಲ್ಲ, ಮಾರುವವನ ಮಾತು.

ಈ ವಿಚಾರ ಕರ್ನಾಟಕಕ್ಕೆ ದೂರದ್ದಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 10 ಹಳದಿ ಅನಕೊಂಡಾಗಳು ದೊರೆತವು. ಅವೂ ಬೋವಾ ಕುಟುಂಬದವೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಇಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಲೇಬೇಕು. ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ಕೊಂಡು ನೋಂದಾಯಿಸಿದರೆ ಹಿಂಸೆ ಎಲ್ಲಿಯದು ಎಂದು ಮನೆಯ ತರುಣರು ಕೇಳಬಹುದು. ಆ ಪ್ರಶ್ನೆಯನ್ನು ಗದರಿಸಿ ತಳ್ಳಬಾರದು, ಅದಕ್ಕೆ ಉತ್ತರವಿದೆ. ನೋಂದಣಿಯಿಂದ ಕಟ್ಟಳೆಯ ದೋಷ ಕಳೆಯಬಹುದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾದ ಬಂಧ ಕಳೆಯದು. ಆ ಹಾವಿನ ಜೀವಮಾನವಿಡೀ ಅದಕ್ಕಾಗಿ ಇಲಿಗಳು ಸಾಯಬೇಕು. ಕೊಂದು ತಿನ್ನುವ ಬೆಕ್ಕು ಮೊದಲಾದ ಪ್ರಾಣಿಗಳನ್ನು ನಿಷ್ಪ್ರಯೋಜಕವಾಗಿ ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಎಣಿಸಿದೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಕೊಳ್ಳುವವನ ಪಾಲು ಎರಡನೆಯದು.

ಈಗಾಗಲೇ ಮನೆಗೆ ಬಂದಿರುವ ಹಾವಿನ ಗತಿಯೇನು? ಜೀವದಯೆಯೆಂದು ಅದನ್ನು ಹೊಲಕ್ಕೋ ಕಾಡಿಗೋ ಬಿಡುವುದು ಮತ್ತೊಂದು ಹಿಂಸೆ. ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಂಡ ಹೊರಗಿನ ಬೋವಾ ಅಲ್ಲಿಯೇ ನೆಲೆಯೂರಿ, ದ್ವೀಪದ ಹಕ್ಕಿ ಹಲ್ಲಿಗಳನ್ನು ಆಹಾರ ಮಾಡಿಕೊಂಡಿತು. ಅಂಥ ಜೀವಿಯನ್ನು ಅರಣ್ಯ ಇಲಾಖೆಗೆ ತಿಳಿಸಿ, ಮರಿಮಾಡಿಸದೆ, ಮಾರದೆ, ಆಯುಷ್ಯವಿರುವವರೆಗೆ ಪೋಷಿಸುವುದೇ ಮಾರ್ಗ. ಪಾಂಜರಾಪೋಳಗಳ ಮೂಲತತ್ತ್ವವೂ ಇದೇ: ಆಶ್ರಯವುಂಟು, ವ್ಯಾಪಾರವಿಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳು ತಮ್ಮ ಶಾಲೆ, ಉತ್ಸವಗಳಲ್ಲಿ ಇಂಥ ಜೀವಿಗಳ ಪ್ರದರ್ಶನಕ್ಕೆ ಎಡೆಗೊಡದಿರುವುದು, ದಯಾದಾನದ ಹಣವನ್ನು ಮಾರಾಟವಿಲ್ಲದ ರಕ್ಷಣಾಕೇಂದ್ರಗಳಿಗೆ ಸಲ್ಲಿಸುವುದು ಉಚಿತ. ಉರಿಯುವ ಕೊರಡಿನೊಳಗಿನ ಸರ್ಪಗಳಿಗಾಗಿ ಮರುಗಿದ ಪಾರ್ಶ್ವನಾಥ ಸ್ವಾಮಿಯು ಅವುಗಳ ವಂಶವನ್ನು ವಿಚಾರಿಸಲಿಲ್ಲ. ಶ್ರಾವಕನು ವಿಚಾರಿಸಬೇಕಾದುದೂ ಹಾವಿನ ವಂಶವನ್ನಲ್ಲ, ತನ್ನ ಹಣ ಯಾವ ಕೈಯನ್ನು ಕಾಡಿಗೆ ಕಳುಹಿಸುತ್ತದೆ ಎಂಬುದನ್ನು.