ಕ್ಲಿಯರ್ ಕೋಟ್ ಎಲ್ಲಿ ನಿಲ್ಲುತ್ತದೆ?

ಮನೆ ಬಾಗಿಲಿಗೇ ಬಂದು ಕಾರಿನ ಗೀರು ಅಳಿಸಿ, ಬಣ್ಣ ಹೊಡೆದುಕೊಟ್ಟು ಹೋಗುವವರು ಬೆಂಗಳೂರಿನಲ್ಲಿ ಈಗ ಬೇಕಾದಷ್ಟಿದ್ದಾರೆ. ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅವರ ನಂಬರ್ ಓಡಾಡುತ್ತಿರುತ್ತದೆ. ಬೆಳಗ್ಗೆ ಬಂದವರು ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಬಾಡಿ ಶಾಪ್‌ಗೆ ಬಿಟ್ಟರೋ, ಮೂರು ನಾಲ್ಕು ದಿನ ಕಾರಿನ ಆಸೆ ಬಿಡಬೇಕು. ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಕೆಲಸ ಎಲ್ಲಿ ನಡೆಯುತ್ತದೆ ಎಂಬುದನ್ನು ಆಮೇಲೆ ನೋಡೋಣ. ಹೊಸದಾಗಿ ಹೊಡೆಯುವ ಕ್ಲಿಯರ್ ಕೋಟ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮೊದಲು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊಸ ಕಾರಿನ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ತಗಡಿಗೆ ಅಂಟಿಕೊಂಡಿರುವುದು ತುಕ್ಕು ತಡೆಯುವ ಇ-ಕೋಟ್. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಹಿಡಿಸಿದ್ದು. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ 100ರಿಂದ 130 ಮೈಕ್ರಾನ್ ಆಸುಪಾಸು. ಅದರಲ್ಲಿ ಬಣ್ಣದ ಪದರ ಸುಮಾರು 15 ಮೈಕ್ರಾನ್ ಅಷ್ಟೆ. ಬಿಸಿಲು, ಹಕ್ಕಿ ಹಿಕ್ಕೆ, ಮರದ ಅಂಟು ಎಲ್ಲವನ್ನೂ ತಡೆದುಕೊಳ್ಳುವುದು ಸುಮಾರು 40 ಮೈಕ್ರಾನಿನ ಆ ಕ್ಲಿಯರ್. ಕಾರ್ಖಾನೆಯಲ್ಲಿ ಇದನ್ನು 140 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ ಬೇಯಿಸುತ್ತಾರೆ. ಸೀಟು, ವೈರಿಂಗ್, ಪ್ಲಾಸ್ಟಿಕ್ ಎಲ್ಲ ಕೂರಿಸಿದ ಮೇಲೆ ಕಾರಿಗೆ ಆ ಶಾಖ ಕೊಡುವಂತಿಲ್ಲ. ಹಾಗಾಗಿ ಬಾಡಿ ಶಾಪ್‌ನ ಬೂತ್‌ನಲ್ಲಿ, ಅಂದರೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆಯಲ್ಲಿ, ಹಾರ್ಡನರ್ ಬೆರೆಸಿದ 2ಕೆ ಕ್ಲಿಯರ್ ಹೊಡೆದು, 60 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸುತ್ತಾರೆ. ಎಷ್ಟೇ ದೊಡ್ಡ ಶಾಪ್ ಆಗಲಿ, ಒಮ್ಮೆ ಉಜ್ಜಿ ತೆಗೆದ ಕಾರ್ಖಾನೆಯ ಬಣ್ಣವನ್ನು ವಾಪಸ್ ತರಲಾರದು. ಅದಕ್ಕೇ ಮೂಲ ಬಣ್ಣವನ್ನು ಆದಷ್ಟೂ ಉಳಿಸುವ ರಿಪೇರಿಯೇ ನನ್ನ ಲೆಕ್ಕದಲ್ಲಿ ಉತ್ತಮ ರಿಪೇರಿ.

ಈ ಲೆಕ್ಕದಲ್ಲಿ ಮನೆಗೆ ಬರುವವನು ಗೆಲ್ಲುವ ಜಾಗಗಳಿವೆ. ಮಾಲ್ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರಿನ ಬಾಗಿಲು ತಾಗಿ ಆದ ತಗ್ಗು, ಬಣ್ಣ ಒಡೆಯದಿದ್ದರೆ, ಬಾಡಿ ಶಾಪ್ ಮೆಟ್ಟಿಲು ಹತ್ತಲೇಬೇಕಿಲ್ಲ. ಉದ್ದನೆಯ ಉಕ್ಕಿನ ಸರಳನ್ನು ಕಿಟಕಿ ಗಾಜಿನ ಸಂದಿಯಿಂದ ಒಳಗೆ ಬಿಟ್ಟು, ಎದುರಿಗೆ ಪಟ್ಟೆಪಟ್ಟೆ ದೀಪ ಇಟ್ಟುಕೊಂಡು, ತಗಡಿನ ಮೇಲೆ ಬಿದ್ದ ಆ ಪಟ್ಟೆಗಳು ನೆಟ್ಟಗಾಗುವವರೆಗೆ ಹಿಂದಿನಿಂದ ಚೂರುಚೂರೇ ಒತ್ತುತ್ತಾರೆ. ಬಲ್ಲವನ ಕೈಗೆ ಸಿಕ್ಕರೆ ತಗ್ಗು ಇದ್ದ ಗುರುತೇ ಉಳಿಯುವುದಿಲ್ಲ, ಬಣ್ಣ ಒಂದು ಮೈಕ್ರಾನೂ ಸವೆಯುವುದಿಲ್ಲ. ಬಂಪರ್ ಮೂಲೆಯ ಗೀರೂ ಅಷ್ಟೆ. ಅದು ಪ್ಲಾಸ್ಟಿಕ್, ತುಕ್ಕಿನ ಭಯವಿಲ್ಲ. ಸುತ್ತಲೂ ಅಂಚು, ಗೆರೆ, ಸಂದಿಗಳಿರುವುದರಿಂದ ಕ್ಲಿಯರ್ ಕೋಟನ್ನು ಒಂದು ಅಂಚಿನವರೆಗೆ ಒಯ್ದು ಅಲ್ಲೇ ಮುಗಿಸಬಹುದು.

ತೊಂದರೆ ಶುರುವಾಗುವುದು ಅಂಚಿಲ್ಲದ ಕಡೆ. ಬಾನೆಟ್ಟಿನ ನಡುವಿನ ಗೀರಿಗೆ ಅಂಗೈ ಅಗಲ ಕ್ಲಿಯರ್ ಹೊಡೆದು, ಅದರ ಸುತ್ತ ತಿನ್ನರ್‌ನಿಂದ ಕರಗಿಸಿ, ಪಾಲಿಶ್ ಹಾಕಿ ಹಳೆಯದರೊಂದಿಗೆ ಬೆರೆಸುತ್ತಾರೆ. ಹಣ ಕೊಡುವ ಹೊತ್ತಿಗೆ ಅದ್ಭುತವಾಗಿ ಕಾಣುತ್ತದೆ. ಆದರೆ ಬೆರೆಸಿದ ಆ ವರ್ತುಲದಲ್ಲಿ ಕ್ಲಿಯರ್ ತೆಳುವಾಗುತ್ತಾ ಹೋಗಿ ಸೊನ್ನೆಯಾಗುತ್ತದೆ. ಬಿಸಿಲು ಮೊದಲು ತಿನ್ನುವುದು ಅಲ್ಲಿಂದಲೇ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮಸುಕು ಉಂಗುರವೊಂದು ಎದ್ದು, ಆಮೇಲೆ ಸಿಪ್ಪೆ ಏಳುತ್ತದೆ. ಬಾನೆಟ್, ರೂಫ್, ಹಿಂದಿನ ಚಕ್ರದ ಮೇಲಿಂದ ರೂಫಿಗೆ ಸಂದಿಯಿಲ್ಲದೆ ಹರಿದುಹೋಗುವ ಕ್ವಾರ್ಟರ್ ಪ್ಯಾನೆಲ್: ಇವನ್ನು ಬೂತ್ ಇಲ್ಲದೆ ಮುಟ್ಟಿಸಲೇಬಾರದು. ಇದರಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ.

ಮೆಟಾಲಿಕ್ ಬಣ್ಣಗಳಿಗೂ ಅದೇ ಮಾತು, ಅದರಲ್ಲೂ ಸಿಲ್ವರ್‌ಗೆ. ವಿಲ್ಸನ್ ಗಾರ್ಡನ್ ಕಡೆಯ ಹಳೆಯ ಪೇಂಟರ್ ಒಬ್ಬರ ಕೈಯನ್ನು ಹತ್ತಿರದಿಂದ ನೋಡಿದ್ದೇನೆ. ಬೇಸ್ ಕೋಟ್ ಮುಗಿದ ಮೇಲೆ ಗನ್ನಿನ ಗಾಳಿ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೊನೆಯ ಸುತ್ತನ್ನು ಮಂಜು ಇಳಿಸಿದ ಹಾಗೆ ಹಗುರವಾಗಿ ಬಿಡುತ್ತಾರೆ. ಬಣ್ಣದೊಳಗಿನ ಅಲ್ಯೂಮಿನಿಯಂ ಚೂರುಗಳು ಒಂದೇ ಸಮ ಕೂರಬೇಕಾದರೆ ಇದು ಬೇಕು. ಒದ್ದೆ ಹೆಚ್ಚಾದರೆ ಬಣ್ಣ ಕಪ್ಪಿಡುತ್ತದೆ, ಒಣಗುತ್ತಾ ಬಿದ್ದರೆ ಬಿಳಿಚಿಕೊಳ್ಳುತ್ತದೆ. ಡಬ್ಬಿ ಅದೇ, ಕೋಡ್ ಅದೇ, ಆದರೂ ಬಾಗಿಲು ಒಂದು ಬಣ್ಣ, ಫೆಂಡರ್ ಒಂದು ಬಣ್ಣ. ಬಯಲಿನಲ್ಲಿ ಆಷಾಢದ ಗಾಳಿ ಬೀಸುವಾಗಲೋ, ಬಿಸಿಲಲ್ಲಿ ಕಾದ ತಗಡಿನ ಮೇಲೋ ಹೊಡೆದರೆ ಚೂರುಗಳು ಹೇಗೆ ಕೂತಾವು? "ಸಾರ್, ಒಂದು ಡೋರ್ ಮ್ಯಾಚ್ ಆಗ್ಬೇಕು ಅಂದ್ರೆ ಪಕ್ಕದ್ ಪ್ಯಾನೆಲ್‌ಗೂ ಕಲರ್ ಸ್ವಲ್ಪ ಹರೀಬೇಕು, ಎರಡಕ್ಕೂ ಪೂರ್ತಿ ಕ್ಲಿಯರ್ ಬೀಳ್ಬೇಕು" ಎಂದರು ಆ ಪೇಂಟರ್. ಪರ್ಲ್ ವೈಟ್‌ನಲ್ಲಿ ನಡುವೆ ಪರ್ಲಿನದೇ ಇನ್ನೊಂದು ಪದರ ಇರುವುದರಿಂದ ಕಷ್ಟ ಇನ್ನೂ ಹೆಚ್ಚು.

ಹಾಗೆಂದು ಬೂತ್ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡಿ. ಬೆರಳುದ್ದದ ಗೀರಿಗೂ ಪೂರ್ತಿ ಪ್ಯಾನೆಲ್ ಉಜ್ಜಿ, ಒಳ್ಳೆಯ ಮೂಲ ಬಣ್ಣ ಕಳೆದು, ಪ್ಯಾನೆಲ್ ಲೆಕ್ಕದಲ್ಲಿ ಬಿಲ್ ಮಾಡುವ ಶಾಪ್‌ಗಳು ಬಹಳ. ಬಾಗಿಲಿನ ಹಿಡಿ, ರಬ್ಬರ್ ಬೀಡಿಂಗ್ ಬಿಚ್ಚದೆ, ಟೇಪ್ ಅಂಟಿಸಿ ಬಣ್ಣ ಹೊಡೆಯುತ್ತಾರೆ. ಬೀಡಿಂಗ್‌ನ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ. ಬಣ್ಣದ ದಪ್ಪ ಗೆರೆ ಕಂಡರೆ ಮುಂದೆ ಸಿಪ್ಪೆ ಏಳುವುದು ಅಲ್ಲಿಂದಲೇ. ಹಳೆ ಕಾರು ಕೊಳ್ಳುವವರು ಈಗ ಬಣ್ಣದ ದಪ್ಪವನ್ನು ಮೀಟರ್ ಇಟ್ಟು ಅಳೆಯುತ್ತಾರೆ. 120 ಮೈಕ್ರಾನ್ ಇರಬೇಕಾದ ಕಡೆ 300 ತೋರಿಸಿದರೆ ಮರುಬಣ್ಣ, ಸಾವಿರ ದಾಟಿದರೆ ಒಳಗೆ ಪುಟ್ಟಿ.

ಸಣ್ಣ ಕೆಲಸಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡಿ ಎಂಬ ಸಲಹೆಯೂ ಶಾಪ್‌ಗಳಿಂದ ಬರುತ್ತದೆ. ಐದು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್, ಅದನ್ನು ಕಾಪಾಡುವ ಆ್ಯಡ್-ಆನ್ ಇಲ್ಲದಿದ್ದರೆ, ಒಂದೇ ಬಂಪರಿಗೆ ಹೋಗಿಬಿಡುತ್ತದೆ. ಮೊದಲು ಲೆಕ್ಕ ಹಾಕಿ.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. 2ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿರುವುದು ಐಸೊಸೈಯನೇಟ್. ಗನ್ನಿನಿಂದ ಏಳುವ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ಅತಿ ಸ್ವಲ್ಪವನ್ನೂ ಅದು ತಡೆದುಕೊಳ್ಳದು. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್ ಹಾಕಿಕೊಂಡೇ ಇದನ್ನು ಹೊಡೆಯಬೇಕು. ನಮ್ಮ ಬೇಸ್‌ಮೆಂಟ್‌ಗಳಲ್ಲಿ ಹುಡುಗರು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುತ್ತಿದ್ದಾರೆ. ಗಾಳಿಯಾಡದ ಅದೇ ಜಾಗದಲ್ಲಿ ಮಕ್ಕಳು ಸೈಕಲ್ ತುಳಿಯುತ್ತಿರುತ್ತಾರೆ. ಬಾಡಿ ಶಾಪ್‌ಗಳಲ್ಲೂ ಕರ್ಚೀಫ್ ಕಟ್ಟಿದವರನ್ನು ಕಂಡಿದ್ದೇನೆ. ಬಣ್ಣದ ಗುಣಮಟ್ಟ ವಿಚಾರಿಸುವಾಗಲೇ ಮಾಸ್ಕ್ ಯಾವುದು ಎಂದೂ ವಿಚಾರಿಸಿ. ಅಂಥ ಮಾಸ್ಕ್ ಇಲ್ಲ ಎಂದರೆ, ತಗ್ಗು ಎತ್ತುವುದಕ್ಕೆ, ಪಾಲಿಶ್‌ಗೆ ಮನೆಗೆ ಬರುವವನನ್ನೇ ಧಾರಾಳವಾಗಿ ಕರೆಯಿರಿ, ಗನ್ ಮಾತ್ರ ಹಿಡಿಸಬೇಡಿ.