ಮೊದಲು ಮೂರಡಿ ದೂರ ನಿಲ್ಲಿ

ಎತ್ತರ ಸುಮಾರು 28 ಮಿಲಿಮೀಟರ್. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅಷ್ಟರಲ್ಲೇ ಒಬ್ಬ ಯೋಧ, ಅವನ ಕವಚ, ಕೊಡಲಿ, ಕೆನ್ನೆಯ ಮೇಲಿನ ಗಾಯದ ಗುರುತು. ಇಂಗ್ಲೆಂಡಿನಲ್ಲಿ 1979ರಲ್ಲಿ ಶುರುವಾದ ಸಿಟಡೆಲ್ ಮಿನಿಯೇಚರ್ಸ್, ಅದರ ಬೆನ್ನಿಗೆ 1983ರಲ್ಲಿ ಬಂದ ವಾರ್‌ಹ್ಯಾಮರ್ ಆಟ, ಇಂಥ ಕಿರುಗೊಂಬೆಗಳ ಗೀಳನ್ನು ಊರೂರಿಗೆ ಹಬ್ಬಿಸಿದವು. ಪೆಟ್ಟಿಗೆಯೊಳಗೆ ಸಿಗುವುದು ಬೂದುಬಣ್ಣದ ಬಿಡಿ ಪ್ಲಾಸ್ಟಿಕ್ ತುಂಡುಗಳು. ಅಂಟಿಸಿ ಬಣ್ಣ ಹಚ್ಚುವುದು ಕೊಂಡವರ ಪಾಲು. ಹಾಗಾಗಿ ಒಂದೇ ಗೊಂಬೆ ಹತ್ತು ಕೈಯಲ್ಲಿ ಹತ್ತು ಬಗೆಯಾಗುತ್ತದೆ. ಅದನ್ನು ನೋಡುವುದಕ್ಕೂ ಒಂದು ರೂಢಿ ಬೇಕು.

ದೂರದಿಂದ ನೋಡಿ. ಹೊಸಬರು ಗೊಂಬೆಯನ್ನು ಮೂಗಿನ ಬಳಿ ತಂದು ಕಣ್ಣಗುಡ್ಡೆ ಹುಡುಕುತ್ತಾರೆ. ಅದು ಆಮೇಲೆ. ಆಟದ ಮೇಜಿನ ಮೇಲಿರುವಂತೆ ಮೂರಡಿ ದೂರದಲ್ಲಿಟ್ಟು, ಕಣ್ಣು ಅರೆ ಮುಚ್ಚಿ ನೋಡಿ. ಬಣ್ಣಗಳು ಮಸುಕಾಗಿ ಬೆಳಕು, ಕತ್ತಲೆ ಎರಡೇ ಉಳಿಯುತ್ತವೆ. ಆಗಲೂ ಮುಖ ಯಾವುದು, ಕೈ ಯಾವುದು ಎಂದು ಗೊತ್ತಾದರೆ ಕೆಲಸ ಚೆನ್ನಾಗಿದೆ. ಇಷ್ಟು ಪುಟ್ಟ ಆಕಾರದ ಮೇಲೆ ಕೋಣೆಯ ಬೆಳಕು ಎದ್ದುಕಾಣುವ ನೆರಳು ಬೀಳಿಸುವುದಿಲ್ಲ. ಹಾಗಾಗಿ ನೆರಳನ್ನೂ ಬಣ್ಣದಲ್ಲೇ ಬರೆಯಬೇಕು. ಯಕ್ಷಗಾನದ ಬಣ್ಣದ ವೇಷ ಹತ್ತಿರದಿಂದ ಅತಿಯೆನಿಸಿದರೂ ಕೊನೆಯ ಸಾಲಿನವನಿಗೆ ಹದವಾಗಿ ಕಾಣುತ್ತದಲ್ಲ, ಇದೂ ಹಾಗೇ.

ಬಣ್ಣ ಎಣಿಸಿ. ನಾನು ಮೊದಲು ಹಚ್ಚಿದ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ಮೈಮೇಲೆ ಒಂಬತ್ತು ಬಣ್ಣಗಳಿದ್ದವು. ಜಾತ್ರೆಯ ಬಳೆ ಅಂಗಡಿಯಂತೆ ಕಣ್ಣು ಎಲ್ಲೂ ನಿಲ್ಲಲಿಲ್ಲ. ಪಳಗಿದವರ ಗಾಬ್ಲಿನ್ ನೋಡಿ. ಚರ್ಮ ಎಳೆ ಹಸಿರು. ಮುಸುಕು ಕೆಂಪು, ಆದರೆ ಕಂದು ಬೆರೆಸಿ ಇಟ್ಟಿಗೆಯ ಬಣ್ಣಕ್ಕೆ ಇಳಿಸಿದ್ದು. ವರ್ಣಚಕ್ರದಲ್ಲಿ ಹಸಿರು, ಕೆಂಪು ಎದುರುಬದುರು. ಒಂದು ಇನ್ನೊಂದನ್ನು ಮೆರೆಸುತ್ತದೆ. ಎರಡೂ ಸಮಸಮ ಹೊಳೆದರೆ ಮಾತ್ರ ಜಗಳ. ಅದಕ್ಕೇ ಕೆಂಪನ್ನು ಕುಂದಿಸಿ ಹಸಿರಿಗೆ ಗೆಲುವು ಬಿಟ್ಟಿದ್ದಾರೆ. ಬೆಲ್ಟು, ಚೀಲ, ಈಟಿಯ ಕೋಲು ಎಲ್ಲವೂ ಕಂದಿನ ಮನೆತನದವೇ. ಹಳದಿ ಎರಡೇ ಚುಕ್ಕೆ, ಕಣ್ಣುಗಳಲ್ಲಿ. ನಿಮ್ಮ ನೋಟ ಹೋಗಿ ಕೂರುವುದು ಅಲ್ಲೇ.

ನೆರಳಿನಲ್ಲಿ ಬಣ್ಣ ಹುಡುಕಿ. ಈಗ ಹತ್ತಿರ ಬನ್ನಿ. ಕೆಂಪು ನಿಲುವಂಗಿಯ ಮಡಿಕೆಗೆ ಬರೀ ಕಪ್ಪು ಬೆರೆಸಿದರೆ ಮಸಿ ಹಿಡಿದಂತಾಗುತ್ತದೆ. ಅಂಚಿಗೆ ಬಿಳಿ ಬೆರೆಸಿದರೆ ಗುಲಾಬಿಗೆ ತಿರುಗುತ್ತದೆ. ಬಲ್ಲವರು ಮಡಿಕೆಯಲ್ಲಿ ನೇರಳೆ ಹಣ್ಣಿನ ಛಾಯೆ, ಅಂಚಿನಲ್ಲಿ ಕಿತ್ತಳೆ ಇಡುತ್ತಾರೆ. ಹಳದಿಗೆ ಕಪ್ಪು ತಾಕಿದರೆ ಹಸಿರುಗಟ್ಟುತ್ತದೆ, ಅದಕ್ಕೆ ಕಂದೇ ನೆರಳು. ಕಪ್ಪು ಬಟ್ಟೆಯ ಅಂಚು ನೀಲಿಗೆ ವಾಲಿದರೆ ತಣ್ಣಗೆ, ಕಂದಿಗೆ ವಾಲಿದರೆ ಉಟ್ಟು ಹಳೆಯದಾದಂತೆ ಕಾಣುತ್ತದೆ.

ಘರಾಣೆ ಗುರುತಿಸಿ. ಕೆಲವು ಬಣ್ಣಗಳು ಕಥೆಯಿಂದ ಬಂದವು. 1987ರ ವಾರ್‌ಹ್ಯಾಮರ್ 40,000 ಆಟದ ಲೋಕದಲ್ಲಿ ಅಲ್ಟ್ರಾಮರೀನ್ ಪಡೆಗೆ ನೀಲಿ, ಬ್ಲಡ್ ಏಂಜಲ್ಸ್‌ಗೆ ಕೆಂಪು. ಕೆಂಪು ಬಳಿದ ಗಾಡಿ ಹೆಚ್ಚು ಜೋರಾಗಿ ಓಡುತ್ತದೆಂಬುದು ಅಲ್ಲಿನ ಆರ್ಕ್ ಎಂಬ ರಾಕ್ಷಸರ ನಂಬಿಕೆ. ಹಚ್ಚುವ ಬಗೆಯಲ್ಲೂ ಭೇದವಿದೆ. ಅಂಚು ಅಂಚಿಗೂ ಬೆಳಕಿನ ಗೆರೆ ಎಳೆದ ಕಡುವರ್ಣದ ಸ್ವಚ್ಛ ಶೈಲಿ ಒಂದು ದಾರಿ. ಚಿತ್ರಕಾರ ಜಾನ್ ಬ್ಲಾಂಚ್ ಅವರ ಬೆನ್ನು ಹಿಡಿದವರದು ಇನ್ನೊಂದು: ತುಕ್ಕು, ಕೊಳೆ, ಮಾಸಿದ ಕಂದಿನ ನಡುವೆ ಎಲ್ಲೋ ಒಂದು ಕೆಂಪು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬೇಡಿ.

ಮುಂದೆ ಯಾರಾದರೂ ತಾವು ಹಚ್ಚಿದ ಗೊಂಬೆ ತೋರಿಸಿದರೆ, "ಎಷ್ಟು ದಿನ ಹಿಡಿಯಿತು?" ಎಂದು ಕೇಳಬೇಡಿ. ನಿಮ್ಮ ಕಣ್ಣು ಮೊದಲು ಎಲ್ಲಿ ನಿಂತಿತೆಂದು ಹೇಳಿ. ಅವರಿಗೆ ಬೇಕಾದ ಮಾತು ಅದು. ಕೈಗೆತ್ತಿಕೊಳ್ಳುವ ಆಸೆಯಾದರೆ ಕಾಲಡಿಯ ಬಿಲ್ಲೆಯನ್ನಷ್ಟೇ ಹಿಡಿಯಿರಿ. ಬೆರಳಿನ ಜಿಡ್ಡಿಗೆ ಬಣ್ಣ ಸವೆಯುತ್ತದೆ.